ಬ್ರೇಕಿಗೊಂದು ಬ್ರ್ಯಾಕೆಟ್ಟು

ಗಂಡಸಿನ ಮಾನ ಹೋಗುವುದಕ್ಕೆ ಗಂಟೆಗೆ ಹನ್ನೆರಡು ಮೈಲಿ ವೇಗ ಸಾಕು. ನನ್ನದು ಹೋದದ್ದು ಕಾರ್ಮೆಲ್ ವ್ಯಾಲಿಯಲ್ಲಿ, ನಮ್ಮದೇ ಬೀದಿಯ ಇಳಿಜಾರಿನಲ್ಲಿ, ಶನಿವಾರ ಬೆಳಗಿನ ಹತ್ತು ಗಂಟೆಗೆ, ಮಕ್ಕಳನ್ನು ಸಾಕರ್‌ಗೆ ಹೊರಡಿಸುತ್ತಿದ್ದ ಎಂಟು ಮನೆಗಳವರ ಸಮಕ್ಷಮದಲ್ಲಿ.

ಬೈಕು ಎಪ್ಪತ್ತೆಂಟನೇ ಇಸವಿಯದು, ಜಪಾನಿನದು. ಕೋವಿಡ್ ಕಾಲದಲ್ಲಿ ಬೀದಿಯವರೆಲ್ಲ ಮನೆಯಲ್ಲೇ ಬ್ರೆಡ್ ಮಾಡಲು ಕಲಿಯುತ್ತಿದ್ದಾಗ ನಾನು ಇದನ್ನು ಕೊಂಡೆ. (ಬ್ರೆಡ್ಡಾದರೆ ಎರಡು ದಿನದಲ್ಲಿ ಮುಗಿದುಹೋಗುತ್ತಿತ್ತು ಎಂದು ನನ್ನ ಹೆಂಡತಿ ನಮ್ರತಾ ಈಗಲೂ ಹೇಳುತ್ತಾಳೆ.) ಟೆಲಿಕಾಂ ಕಂಪನಿಯಲ್ಲಿ ಕುಳಿತು ಕಣ್ಣಿಗೆ ಕಾಣದ ತರಂಗಗಳ ಬೆನ್ನು ಹತ್ತಿ ಹದಿನೇಳು ವರ್ಷ ಕಳೆದವನಿಗೆ, ಕೈಗೆ ಸಿಗುವಂಥ, ಗ್ರೀಸು ಮೆತ್ತುವಂಥ ವಸ್ತುವೊಂದು ಬೇಕಾಗಿತ್ತು. ಎರಡು ವರ್ಷ ಉಜ್ಜಿ, ಒರೆಸಿ, ಅದನ್ನು ಮದುಮಗನ ಹಾಗೆ ಹೊಳೆಯಿಸಿದೆ. ಹೊರಡುವ ವಿದ್ಯೆ ಅದಕ್ಕೆ ಚೆನ್ನಾಗಿ ಬರುತ್ತಿತ್ತು. ನಿಲ್ಲುವ ವಿದ್ಯೆ ಮಾತ್ರ ಮರೆತುಹೋಗಿತ್ತು.

ಆ ಶನಿವಾರ ಇಳಿಜಾರಿನಲ್ಲಿ ನಾನು ಬ್ರೇಕು ಹಿಡಿದೆ. ಬ್ರೇಕು ಚಕ್ರವನ್ನು ಹಿಡಿಯಲಿಲ್ಲ. ಮೈಯಲ್ಲಿದ್ದ ಶಕ್ತಿಯನ್ನೆಲ್ಲ ಬಲಗೈಗೆ ತಂದು ಹಿಚುಕಿದೆ. ಕಾಲಿನ ಬ್ರೇಕನ್ನು ತುಳಿದೆ. ಅದು ಕಿರುಚಿತು, ಅಷ್ಟೆ. ಕೊನೆಗೆ ಎದುರು ಮನೆಯ ಬೋಗನ್‌ವಿಲ್ಲಾ ಪೊದೆ ನನ್ನನ್ನು ತಾಯಿಯಂತೆ (ಮೈತುಂಬ ಮುಳ್ಳಿರುವ ತಾಯಿಯಂತೆ) ಅಪ್ಪಿಕೊಂಡಿತು.

ನಮ್ರತಾ ಓಡಿ ಬಂದು ಒಂದೊಂದಾಗಿ ಮುಳ್ಳು ಕಿತ್ತಳು. ನಾನು, ಬ್ರೇಕನ್ನು ಸ್ವಲ್ಪ ಟೈಟ್ ಮಾಡಿದರೆ ಸರಿಹೋಗುತ್ತದೆ ಎಂದೆ.

"ಈ ತಿಂಗಳ ಕೊನೆಯೊಳಗೆ ಅದು ನಿಲ್ಲೋದು ಕಲೀಬೇಕು ಕಣ್ರೀ," ಎಂದಳು ಅವಳು. "ಇಲ್ಲಾಂದ್ರೆ ಮಾರಿಬಿಡಿ. ನಾನು ಇನ್ನೊಂದ್ಸಲ ಹೀಗೆ ಓಡಿ ಬರಲ್ಲ."

ಹದಿಮೂರು ವರ್ಷದ ಮಗಳು ಆಶ್ರಿತಾಳೂ ಸ್ಥಳ ಪರಿಶೀಲನೆಗೆ ಬಂದಳು. "ಡ್ಯಾಡ್, ಅಟ್ ಲೀಸ್ಟ್ ದ ಬುಶ್ ವರ್ಕ್ಸ್," ಎಂದು ವರದಿ ಕೊಟ್ಟು ಒಳಗೆ ಹೋದಳು.

ಗರಾಜಿನಲ್ಲಿ ಬಿಚ್ಚಿ ನೋಡಿದಾಗ ಕಾರಣ ತಿಳಿಯಿತು. ಮುಂದಿನ ಚಕ್ರದ ತಟ್ಟೆಯನ್ನು ಎರಡೂ ಕಡೆಯಿಂದ ಕಚ್ಚಿ ನಿಲ್ಲಿಸುವ ದವಡೆಯಂಥ ಭಾಗಕ್ಕೆ ಕ್ಯಾಲಿಪರ್ ಎನ್ನುತ್ತಾರೆ. ನನ್ನ ಬೈಕಿನ ದವಡೆಗೆ ಒಳಗೆಲ್ಲ ತುಕ್ಕು. ಅಂಥದ್ದನ್ನು ಮಾಡುವುದನ್ನು ಕಂಪನಿ ಯಾವತ್ತೋ ಬಿಟ್ಟಿತ್ತು. ಇಂಟರ್ನೆಟ್ಟಿನ ಬೈಕುಪ್ರಿಯ ಹಿರಿಯರು ಬೇರೊಂದು ಹೊಸ ಬೈಕಿನ ಕ್ಯಾಲಿಪರ್ ಹಾಕು ಎಂದರು, ತರಿಸಿದೆ. ಆದರೆ ಹೊಸ ದವಡೆ ಹಳೆಯ ಬೈಕಿಗೆ ನೇರವಾಗಿ ಕೂರುವುದಿಲ್ಲ. ನಡುವೆ ಅಳತೆ ಕೊಟ್ಟು ಮಾಡಿಸಿದ ಲೋಹದ ತುಂಡೊಂದು ಬೇಕು. ಅದೇ ಬ್ರ್ಯಾಕೆಟ್ಟು.

ಅಳತೆ ತಾನೇ ಎಂದುಕೊಂಡೆ. ಎರಡು ಸಂಜೆ ಕುಳಿತು, ಅಳೆದು, ಕಂಪ್ಯೂಟರಿನಲ್ಲಿ ಹದಿನಾಲ್ಕು ಪುಟಗಳ ನಕ್ಷೆ ರಚಿಸಿದೆ. ಮೊದಲ ಪುಟದಲ್ಲಿ ಪೀಠಿಕೆಯೂ ಇತ್ತು. ಗ್ಲೆಂಡೇಲ್‌ನ ಮಷೀನ್ ಶಾಪಿನವನು ನಕ್ಷೆ ಪಡೆದು ಒಂದೇ ಒಂದು ಪ್ರಶ್ನೆ ಕೇಳಿದ: ಎಡಗಡೆಯದೋ, ಬಲಗಡೆಯದೋ? ಬಲಗಡೆ, ಸಂದೇಹವೇ ಬೇಡ ಎಂದು ಬರೆದೆ.

ಹತ್ತು ದಿನದಲ್ಲಿ ಬ್ರ್ಯಾಕೆಟ್ಟು ಬಂತು. ಬೆಳ್ಳಿಯಂತೆ ಹೊಳೆಯುತ್ತಿತ್ತು. ದೇವರ ಮುಂದಿಟ್ಟು ಕುಂಕುಮ ಹಚ್ಚಿ ಗರಾಜಿಗೆ ಒಯ್ದೆ. ಅದು ಕೂರಲಿಲ್ಲ. ತಿರುಗಿಸಿ ಇಟ್ಟೆ, ಮಗುಚಿ ಇಟ್ಟೆ, ಬೇಡಿಕೊಂಡೆ. ಮೂರು ಗಂಟೆ ಕಳೆದ ಮೇಲೆ ನಮ್ರತಾ ಕಾಫಿ ತಂದಳು. ಲೋಟ ಕೊಡುತ್ತ ಒಮ್ಮೆ ನೋಡಿದಳು.

"ರೀ, ಇದು ಆ ಕಡೇದು."

"ಬಲಗಡೆ ಅಂತ ನಾನೇ ಅಳತೆ ತಗೊಂಡಿದೀನಿ."

"ಎಲ್ಲಿ ಕೂತ್ಕೊಂಡು ತಗೊಂಡ್ರಿ?"

ಬೈಕಿನ ಎದುರಿಗೆ ಸ್ಟೂಲು ಹಾಕಿಕೊಂಡು. ಅದು ನನ್ನನ್ನು ನೋಡುತ್ತಿತ್ತು, ನಾನು ಅದನ್ನು. ನನ್ನ ಬಲ ಅದರ ಎಡವೆಂಬ ಸಂಗತಿ ಹದಿನಾಲ್ಕು ಪುಟಗಳಲ್ಲಿ ಎಲ್ಲಿಯೂ ಬಂದಿರಲಿಲ್ಲ. 'ನನ್ನ ಬಲ ನಿನಗೇನು ಗೊತ್ತು' ಎಂದು ಗುಡುಗಬೇಕೆನಿಸಿತು. ಸಂದರ್ಭ ಸರಿಯಿಲ್ಲವೆಂದು ಕಾಫಿ ಕುಡಿದೆ.

ಗ್ಲೆಂಡೇಲ್‌ನವನಿಗೆ ಇನ್ನು ಎರಡು ತಿಂಗಳು ಬಿಡುವಿಲ್ಲ. ತಿಂಗಳ ಕೊನೆಗೆ ಉಳಿದದ್ದು ಹನ್ನೆರಡು ದಿನ. ನನ್ನ ಮುಖ ನೋಡಲಾರದೆ ನಮ್ರತಾಳೇ ದಾರಿ ಹುಡುಕಿದಳು. ಯುಗಾದಿ ಊಟದಲ್ಲಿ ಅವಳಿಗೆ ದಾನಪ್ಪ ಎಂಬ ಹಿರಿಯರ ಪರಿಚಯವಾಗಿತ್ತು. ಹುಬ್ಬಳ್ಳಿಯ ಕಾರ್ಖಾನೆಯಲ್ಲಿ ಮೂವತ್ತೈದು ವರ್ಷ ಲೋಹ ಕಡೆಯುವ ಲೇಥ್ ಮೇಲೆ ದುಡಿದವರು. ಈಗ ವಾಲ್‌ನಟ್‌ನಲ್ಲಿ ಮಗ ಪವನನ ಮನೆಯಲ್ಲಿದ್ದರು. ಸುಮ್ಮನೆ ಕೂರಲಾರದ ಅಪ್ಪನಿಗೆ ಪವನ ಗರಾಜಿನಲ್ಲೇ ಪುಟ್ಟ ಲೇಥು, ಮಿಲ್ಲಿಂಗ್ ಮಷೀನು ಹಾಕಿಸಿಕೊಟ್ಟಿದ್ದ.

ನಾನು ರಾತ್ರೋರಾತ್ರಿ ನಕ್ಷೆ ತಿದ್ದಿ ಹತ್ತೊಂಬತ್ತು ಪುಟಕ್ಕೆ ಏರಿಸಿದೆ. ತನ್ನ ರವಿಕೆಗಳನ್ನು ತಾನೇ ಹೊಲಿದುಕೊಳ್ಳುವ ನಮ್ರತಾ, ಕಾರ್ನ್‌ಫ್ಲೇಕ್ಸ್ ಡಬ್ಬಿಯ ರಟ್ಟನ್ನು ಬೈಕಿನ ಮೇಲೇ ಹಿಡಿದು, ಕತ್ತರಿಸಿ, ಮಡಿಸಿ, ತೂತು ಮಾಡಿ, ಒಂದು ಮುಖಕ್ಕೆ 'ಒಳಗೆ', ಇನ್ನೊಂದಕ್ಕೆ 'ಹೊರಗೆ' ಎಂದು ಬರೆದಳು. ಬೇಡವೆಂದರೂ ಅದನ್ನು ಬ್ಯಾಗಿಗೆ ಹಾಕಿಕೊಂಡಳು.

ಭಾನುವಾರ ಎರಡು ಗಂಟೆ ಡ್ರೈವ್ ಮಾಡಿ ವಾಲ್‌ನಟ್ ತಲುಪಿದೆವು. ದಾನಪ್ಪನವರು ಕನ್ನಡಕ ಏರಿಸಿ ನನ್ನ ನಕ್ಷೆಯ ಮೂರು ಪುಟ ಓದಿದರು. ಆಮೇಲೆ ರಟ್ಟನ್ನು ಕೈಗೆತ್ತಿಕೊಂಡು ಬೆಳಕಿಗೆ ಹಿಡಿದರು.

"ಇದನ್ನ ಯಾರು ಮಾಡ್ಯಾರ?"

"ನಾನೇ ಅಂಕಲ್. ಬ್ಲೌಸ್ ಪ್ಯಾಟರ್ನ್ ಥರಾನೇ ಕತ್ತರಿಸಿದೆ."

"ಅಳತಿ ಅಂದ್ರ ಇದು ನೋಡು ತಂಗಿ. ಒಳಗ ಯಾವುದು, ಹೊರಗ ಯಾವುದು, ಕೇಳೂ ಹಂಗಿಲ್ಲ."

ನನ್ನ ಹತ್ತೊಂಬತ್ತು ಪುಟಗಳನ್ನು ಅವರು ಬಿಸಿ ಚಹಾದ ಲೋಟದ ಕೆಳಗೆ ಇಟ್ಟುಕೊಂಡರು. ಅಲ್ಲಿ ಅವು ಬಹಳ ಚೆನ್ನಾಗಿ ಕೆಲಸ ಮಾಡಿದವು.

ಮುಂದಿನ ಭಾನುವಾರ ಪವನನ ಕಾರಿನಲ್ಲಿ ದಾನಪ್ಪನವರೇ ನಮ್ಮ ಮನೆಗೆ ಬಂದರು. ಬಿಗಿಯುವ ಕೆಲಸವನ್ನು ನನ್ನ ಕೈಗೆ ಬಿಡಲು ಅವರಿಗೆ ಧೈರ್ಯವಿರಲಿಲ್ಲ. ಧೋತರದ ತುಂಡಿನಲ್ಲಿ ಸುತ್ತಿ ತಂದಿದ್ದ ಬ್ರ್ಯಾಕೆಟ್ಟು ಟಕ್ಕೆಂದು ಕೂತಿತು. ಅವರು ಹಿಡಿ ತಂಗಿ, ಬಿಡು ತಂಗಿ ಎನ್ನುತ್ತಿದ್ದಂತೆ ನಮ್ರತಾ ಬ್ರೇಕನ್ನು ಒತ್ತಿ ಬಿಟ್ಟು ಎಣ್ಣೆಯೊಳಗಿನ ಗಾಳಿ ತೆಗೆಸಿದಳು. ನಾನು ಟಾರ್ಚು ಹಿಡಿದಿದ್ದೆ. (ಹಗಲಾಗಿತ್ತು, ಆದರೂ ಹಿಡಿದಿದ್ದೆ.)

"ಎರಡ ಬೆರಳ ಸಾಕ್ರಿ," ಎಂದರು ದಾನಪ್ಪನವರು, ನಾನು ಹೆಲ್ಮೆಟ್ ತೊಡುವಾಗ. "ಕುತ್ತಿಗಿ ಹಿಚುಕೂ ಹಂಗ ಹಿಡೀಬ್ಯಾಡ್ರಿ."

ತಲೆಯಾಡಿಸಿ ಹೊರಟೆ. ಬೈಕು ಬೆಣ್ಣೆಯಂತೆ ಓಡಿತು. ಬೀದಿಯ ಕೊನೆಯವರೆಗೆ ಹೋಗಿ ತಿರುಗಿ ಬರುವಾಗ, ಎಂಟೂ ಮನೆಯವರು ನೋಡುತ್ತಿದ್ದಾರೆಂಬ ಹಿಗ್ಗಿನಲ್ಲಿ ಎದೆ ಉಬ್ಬಿತ್ತು. ಅಷ್ಟರಲ್ಲಿ ಇಳಿಜಾರು ಬಂತು. ಎರಡು ಬೆರಳಿನ ಉಪದೇಶ ಹಾರಿಹೋಗಿ, ನಾಲ್ಕು ಬೆರಳು, ಅಂಗೈ, ಹಲ್ಲು, ಮನೆದೇವರು ಎಲ್ಲರನ್ನೂ ಸೇರಿಸಿ ಹಿಚುಕಿದೆ.

ಬೈಕು ನಿಂತಿತು. ನಾನು ನಿಲ್ಲಲಿಲ್ಲ.

ಪಕ್ಕದ ಮನೆಯ ಹುಲ್ಲಿನ ಮೇಲೆ ಕಣ್ಣು ಬಿಟ್ಟಾಗ ದಾನಪ್ಪನವರು ಬಾಗಿ ಬ್ರ್ಯಾಕೆಟ್ಟನ್ನು ಪರೀಕ್ಷಿಸುತ್ತಿದ್ದರು. ಅದಕ್ಕೇನೂ ಆಗಿರಲಿಲ್ಲ. ಆಮೇಲೆ ನನ್ನ ಕಡೆ ಬಂದರು. ಇನ್ನು ಓಡಿ ಬರುವುದಿಲ್ಲವೆಂದಿದ್ದ ನಮ್ರತಾ ಆಗಲೇ ನನ್ನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಎಕ್ಸ್‌ರೇಯಲ್ಲಿ ಮಣಿಕಟ್ಟಿಗೆ ಬಿರುಕು ಕಂಡಿತು. ಆರು ವಾರ ಪ್ಲಾಸ್ಟರು.

ಆರು ವಾರ ನಿಂತರೆ ಬೈಕು ಮತ್ತೆ ಕೆಡುತ್ತದೆ, ಆಗಾಗ ಓಡಿಸುತ್ತಿರಬೇಕು ಎಂದರು ದಾನಪ್ಪನವರು. ಅದೊಂದೇ ಕಾರಣಕ್ಕೆ ನಮ್ರತಾ ಬೈಕು ಕಲಿಸುವ ವಾರಾಂತ್ಯದ ಕ್ಲಾಸಿಗೆ ಸೇರಿದಳು. ಟೆಸ್ಟು ಪಾಸಾಗಿ ಲೈಸೆನ್ಸೂ ಬಂತು. ಮಾರುವ ಮಾತು ಅಲ್ಲಿಗೆ ನಿಂತಿತು. ಈಗ ಬೈಕು ಅವಳ ಎರಡು ಬೆರಳಿಗೆ ಹಸುವಿನಂತೆ ನಿಲ್ಲುತ್ತದೆ. "ಮಾಮ್, ಯು ಆರ್ ಸೋ ಕೂಲ್," ಎಂದು ಆಶ್ರಿತಾ ವಿಡಿಯೋ ಮಾಡಿ ಬಂಧುಬಳಗಕ್ಕೆಲ್ಲ ಕಳಿಸಿದಳು. ವಿಡಿಯೋದ ಮೂಲೆಯಲ್ಲಿ ಪ್ಲಾಸ್ಟರು ಹಾಕಿದ ಕೈಯೊಂದು ಬೀಸುತ್ತದೆ. ಅದು ನನ್ನದು.

ಪ್ಲಾಸ್ಟರು ತೆಗೆದ ಮೇಲೆ ಕೈಗೆ ಇನ್ನೂ ಬಲ ಬಂದಿಲ್ಲವೆಂದು ನಮ್ರತಾ ನನ್ನನ್ನು ಹಿಂದೆ ಕೂರಿಸಿಕೊಂಡು ಡೆಲ್ ಮಾರ್ ಕಡಲ ದಂಡೆಗೆ ಕರೆದೊಯ್ದಳು. ಬ್ರೇಕು ಅಷ್ಟು ಚೆನ್ನಾಗಿದ್ದುದರಿಂದ ಪ್ರತಿ ಸಿಗ್ನಲ್ಲಿನಲ್ಲೂ ನನ್ನ ಹೆಲ್ಮೆಟ್ಟು ಅವಳ ಹೆಲ್ಮೆಟ್ಟಿಗೆ ಟೊಕ್ಕೆಂದು ಬಡಿಯಿತು. ಆರನೇ ಟೊಕ್ಕಿಗೆ ಅವಳು ತಿರುಗಿ ನೋಡಿದಳು. ಮನೆಗೆ ಬಂದು ದಾನಪ್ಪನವರಿಗೆ ಫೋನು ಮಾಡಿದಳು.

ಮುಂದಿನ ವಾರ ವಾಲ್‌ನಟ್‌ನಿಂದ ಪಾರ್ಸೆಲ್ ಬಂತು. ಒಳಗೆ ಸೀಟಿನ ಪಕ್ಕಕ್ಕೆ ಬಿಗಿಯುವ, ಹಿಂದೆ ಕೂತವರು ಹಿಡಿದುಕೊಳ್ಳುವ ಸ್ಟೀಲಿನ ಹಿಡಿ. ಬಹಳ ಸೊಗಸಾದ ಕೆಲಸ. ಇದಕ್ಕೇನೆನ್ನುತ್ತಾರೆಂದು ನಾನೇ ಫೋನು ಮಾಡಿ ಕೇಳಿದೆ. ದಾನಪ್ಪನವರು ಸಂಕೋಚದಿಂದಲೇ ಹೇಳಿದರು.

"ಊರಾಗ ಇದಕ್ಕ ಲೇಡೀಸ್ ಹ್ಯಾಂಡಲ್ ಅಂತಾರ್ರಿ."

ಈಗ ಪ್ರತಿ ಭಾನುವಾರ ನಾನು ಅದನ್ನೇ ಭದ್ರವಾಗಿ ಹಿಡಿದು ಕೂರುತ್ತೇನೆ. ಸೀರೆಯೊಂದು ಉಟ್ಟಿಲ್ಲ, ಅಷ್ಟೆ.