ನೆಲಕ್ಕೆ ಬೀಳದ ಎಣ್ಣೆ

ಮನೆಯಲ್ಲಿ ಏನಾದರೂ ಸೋರುತ್ತಿದ್ದರೆ ಹೆದರಬಾರದು, ಸೋರುವುದು ತಾನಾಗಿ ನಿಂತರೆ ಹೆದರಬೇಕು ಎಂಬುದು ನನ್ನ ಈಚಿನ ಸಿದ್ಧಾಂತ. ನಲ್ಲಿ ಸೋರಿದರೆ ಬಕೆಟ್ ಇಡಬಹುದು, ಮಾಳಿಗೆ ಸೋರಿದರೆ ಪಾತ್ರೆ ಇಡಬಹುದು, ನೆಂಟರ ಬಾಯಿ ಸೋರಿದರೆ ಟಿ.ವಿ. ದೊಡ್ಡದು ಮಾಡಬಹುದು. ಎಲ್ಲಿಂದ ಎಲ್ಲಿಗೆ ಹೋಗುತ್ತಿದೆ ಎಂದು ಕಣ್ಣಿಗೆ ಕಾಣುತ್ತದಲ್ಲ, ಅದೇ ದೊಡ್ಡ ನೆಮ್ಮದಿ. ಹೊಸಪೇಟೆಯ ನಮ್ಮ ಮನೆಯ ಅಂಗಳದಲ್ಲಿ ನಿಲ್ಲುವ ಮಾವನವರ ಮೋಟಾರ್ ಸೈಕಲ್ಲು ಮೊದಲಿನಿಂದಲೂ ಹನಿ ಹನಿ ಎಣ್ಣೆ ಉದುರಿಸುತ್ತಿತ್ತು. ಅದರ ಕೆಳಗೊಂದು ರಟ್ಟು ಹಾಸಿಡುವುದು ಕೂಸಿನ ಕೆಳಗೆ ದುಪ್ಪಟಿ ಹಾಸಿದಷ್ಟೇ ಸಹಜವಾಗಿತ್ತು. ಆದರೆ ಒಂದು ಬೇಸಿಗೆಯಲ್ಲಿ ರಟ್ಟು ಒಣಗಿ ಉಳಿಯತೊಡಗಿತು. ನಾನು ಪೆದ್ದಿ, ಹಿಗ್ಗಿದೆ. ವಯಸ್ಸಾದ ಮೇಲೆ ಗಾಡಿಗೂ ಬುದ್ಧಿ ಬರುತ್ತದೆ ನೋಡಿ ಎಂದು ಓಣಿಯವರಿಗೆಲ್ಲ ಹೇಳಿಕೊಂಡು ಬಂದೆ.

ಈ ಗಾಡಿ ವಯಸ್ಸಿನಲ್ಲಿ ನಮ್ಮ ಮನೆಯವರಿಗಿಂತ ಹಿರಿಯದು. ಆದ್ದರಿಂದಲೇ ಅದು ಅವರ ಮಾತು ಕೇಳುವುದಿಲ್ಲ. ಒಮ್ಮೆ ಕಿಕ್ ಹೊಡೆಯಲು ಹೋದಾಗ ಅದೇ ತಿರುಗಿ ಅವರ ಮೊಣಕಾಲಿಗೆ ಒದ್ದಿತು. ಅಂದಿನಿಂದ ಅವರು ಸ್ಕೂಟರ್ ಭಕ್ತರು. ಮಾವನವರ ಮೊಣಕಾಲು ಕೈಕೊಟ್ಟಾಗ ಗಾಡಿ ಗತಿ ಏನು ಎಂಬ ಪ್ರಶ್ನೆ ಎದ್ದಿತು. ನಾನು ಮೆಟ್ರಿ ಕಡೆ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವಳು, ಬಸ್ಸಿನಲ್ಲಿ ನಿಂತು ನಿಂತು ಕಾಲು ಸವೆಸಿಕೊಂಡವಳು. ಮಾವನವರು ಒಂದು ಭಾನುವಾರ ನನ್ನನ್ನು ಕಾಲುವೆ ದಂಡೆಯ ಮೇಲೆ ಕರೆದುಕೊಂಡು ಹೋಗಿ, ತಾವು ಕಲ್ಲಿನ ಮೇಲೆ ಕೂತು, ನನಗೆ ಗಾಡಿ ಕಲಿಸಿದರು. “ಕಾಲಿಗೆ ಜೋರು ಬ್ಯಾಡವಾ, ಧೈರ್ಯ ಬೇಕು” ಎಂದರು. ಅಂದಿನಿಂದ ಅದು ನನ್ನದೇ ಆಯಿತು. ನಿಜ ಹೇಳಬೇಕೆಂದರೆ ದಿನದಲ್ಲಿ ಆ ಗಾಡಿಯ ಮೇಲಿರುವ ಹೊತ್ತು ಮಾತ್ರ ನನ್ನದು. ಅದರ ಸದ್ದಿನಲ್ಲಿ ಸಾರಿಗೆ ಉಪ್ಪು ಹಾಕಿದ್ದೀಯಾ, ಮಾರ್ಕ್ಸ್ ಎಂಟ್ರಿ ಆಯಿತಾ ಎಂದು ಯಾರೂ ಕೇಳಲಾಗುವುದಿಲ್ಲ. ಕೇಳಿದರೂ ನನಗೆ ಕೇಳುವುದಿಲ್ಲ. ಈ ಸುಖಕ್ಕಾಗಿ ನಾನು ಯಾರ ಜೊತೆ ಬೇಕಾದರೂ ಜಗಳಕ್ಕೆ ನಿಲ್ಲುತ್ತೇನೆ, ನಿಂತಿದ್ದೇನೆ.

ರಟ್ಟು ಒಣಗಿದ ಕೆಲವು ದಿನಗಳಲ್ಲೇ ಗಾಡಿಯ ಗೇರು ಗರಗರ ಎನ್ನತೊಡಗಿತು. ಆಮೇಲೆ ಕ್ಲಚ್ಚು ಜಾರತೊಡಗಿತು. ಆಕ್ಸಿಲರೇಟರ್ ತಿರುವಿದರೆ ಸದ್ದು ಮಾತ್ರ ಮುಂದೆ ಹೋಗುತ್ತಿತ್ತು, ಗಾಡಿ ಹಿಂದೆಯೇ ಉಳಿಯುತ್ತಿತ್ತು. ಸಂಡೂರಿನ ನಾದಿನಿಯ ಮನೆಗೆ ಊಟಕ್ಕೆ ಹೊರಟಾಗ, ಏರಿನಲ್ಲಿ, ಹಿಂದೆ ನಮ್ಮ ಮನೆಯವರು, ಅವರ ತೊಡೆಯ ಮೇಲೆ ಹೋಳಿಗೆ ಡಬ್ಬಿ. ಗಾಡಿ ಅರಚಿತೇ ವಿನಾ ಏರಲಿಲ್ಲ. ಅವರು ಇಳಿದು ನಡೆದರು. ಅದಿರು ಲಾರಿಯವರು ಒಬ್ಬೊಬ್ಬರಾಗಿ ತಲೆ ಹೊರಗೆ ಹಾಕಿ, ಹೆಂಗಸು ಗಾಡಿಯ ಮೇಲೆ, ಗಂಡಸು ಹೋಳಿಗೆ ಹೊತ್ತು ಹಿಂದೆ, ಎಂಬ ದೃಶ್ಯವನ್ನು ಕಣ್ತುಂಬ ನೋಡಿಕೊಂಡು ಹೋದರು. ನಾದಿನಿಯ ಮನೆ ಮುಟ್ಟುವಷ್ಟರಲ್ಲಿ ನಮ್ಮ ಮನೆಯವರ ಬಿಳಿ ಅಂಗಿ ಕಾವಿಯಾಗಿತ್ತು, ಮನಸ್ಸು ಮಾತ್ರ ಸನ್ಯಾಸಿಯದಾಗಿರಲಿಲ್ಲ.

ಅವರಿಗೆ ಪಂಪಾಪತಿ ಎಂಬ ಗೆಳೆಯನಿದ್ದಾನೆ. ಹಂಪಿಯ ಕಡೆ ಹೋಂಸ್ಟೇ ನಡೆಸುತ್ತಾನೆ. ಈ ಗಾಡಿಗೆ ಹಳದಿ ಬಣ್ಣ ಬಳಿದು, ಅಂಗಳದಲ್ಲಿ ನಿಲ್ಲಿಸಿ, ಹೆಡ್‌ಲೈಟು ಕಿತ್ತ ಜಾಗದಲ್ಲಿ ಕಾಗದದ ಹೂವಿನ ಗಿಡ ನೆಟ್ಟು, ಪ್ರವಾಸಿಗರು ಅದರ ಮೇಲೆ ಕೂತು ಫೋಟೋ ತೆಗೆಸಿಕೊಳ್ಳುವಂತೆ ಮಾಡಬೇಕೆಂಬುದು ಅವನ ಬಹುದಿನದ ಆಸೆ. “ಕೊಟ್ಟುಬಿಡೂಣು” ಎಂದರು ನಮ್ಮ ಮನೆಯವರು, ಮರುದಿನ ಮನೆಯಲ್ಲಿ ಊಟಕ್ಕೆ ಕೂತಾಗ. ಹೂವಿನ ಕುಂಡ. ನನ್ನ ಗಾಡಿ, ಹೂವಿನ ಕುಂಡ. ಮಾವನವರು ಮಾತ್ರ “ಹೊಡಿಯಾಕಿ ಆಕಿ, ಆಕೀನ್ನ ಕೇಳು” ಎಂದು ಕೈತೊಳೆದುಕೊಂಡರು. ಶ್ರಾವಣ ಹತ್ತಿರವಾಗಿತ್ತು, ಆ ತಿಂಗಳು ಮನೆಯಿಂದ ಏನನ್ನೂ ಹೊರಗೆ ಕೊಡುವುದು ನಮ್ಮಲ್ಲಿಲ್ಲ. ಅಷ್ಟೇ ನನಗೆ ಸಿಕ್ಕ ವಾಯಿದೆ. ಶ್ರಾವಣ ಮುಗಿಯುವುದರೊಳಗೆ ಗಾಡಿ ಸರಿಹೋಗದಿದ್ದರೆ ಪಂಪಾಪತಿ ಬಂದು ಒಯ್ಯಲಿ ಎಂದು ನಾನೇ ಬಾಯಿಬಿಟ್ಟೆ. ನನ್ನ ಬಾಯಿಗೂ ಒಂದು ಸೀಲ್ ಬೇಕಿತ್ತು.

ನಮ್ಮ ಮೆಕ್ಯಾನಿಕ್ ಮಸ್ತಾನ್ ಸಾಹೇಬರು. ಮಾವನವರ ಕಾಲದಿಂದಲೂ ಈ ಗಾಡಿಯನ್ನು ಬಲ್ಲವರು. ಗೇರ್‌ಬಾಕ್ಸಿನ ಮಟ್ಟ ನೋಡುವ ಸ್ಕ್ರೂ ಬಿಚ್ಚಿದರೆ ಒಳಗೆ ಎಣ್ಣೆಯೇ ಇಲ್ಲ. ಎಡಗಡೆ ಕ್ಲಚ್ಚು ಮತ್ತು ಅದರ ಸರಪಳಿ ಇರುವ ಡಬ್ಬಿಯನ್ನು ಪ್ರೈಮರಿ ಎನ್ನುತ್ತಾರೆ. ಅದರ ಸ್ಕ್ರೂ ಬಿಚ್ಚಿದರೆ ಎಣ್ಣೆ ಉಕ್ಕಿ ಅವರ ಪ್ಯಾಂಟಿನ ಮೇಲೆ ಬಿತ್ತು. ಕ್ಲಚ್ಚು ಜಾರುತ್ತಿದ್ದುದು ಈ ಹೆಚ್ಚಿನ ಎಣ್ಣೆಯಲ್ಲೇ. ಪ್ರೈಮರಿಗೆ ಮುಂದುಗಡೆ ಎಂಜಿನ್ನು ನೆರೆಮನೆ, ಹಿಂದುಗಡೆ ಗೇರ್‌ಬಾಕ್ಸು ನೆರೆಮನೆ. ಎರಡರಲ್ಲಿ ಯಾವ ಮನೆಯ ಎಣ್ಣೆ ಗೋಡೆ ದಾಟಿ ಬಂದಿದೆ ಎಂಬುದೇ ಪ್ರಶ್ನೆ. “ಎಂಜಿನ್ನಿಂದ ಬಂದೈತಿ ಮೇಡಂ” ಎಂದರು ಮಸ್ತಾನ್ ಸಾಹೇಬರು. ಹಾಗಾದರೆ ಗೇರ್‌ಬಾಕ್ಸಿನ ಎಣ್ಣೆ ಎಲ್ಲಿ ಹೋಯಿತು ಎಂದೆ. “ಅದು ಸುಟ್ಟು ಹೋಗಿರ್ತೈತಿ.” ಗೇರ್‌ಬಾಕ್ಸಿನಲ್ಲಿ ಬೆಂಕಿ ಎಲ್ಲಿದೆ ಎಂದೆ. “ಹಳೇ ಗಾಡಿ ಮೇಡಂ, ಭಾಳ ಕೇಳಬಾರದು” ಎಂದರು. ಎಂಜಿನ್ ಬಿಚ್ಚಬೇಕು, ದೀಪಾವಳಿವರೆಗೆ ಆಗಬಹುದು ಎಂದೂ ಸೇರಿಸಿದರು.

ದೀಪಾವಳಿಗೆ ನನ್ನ ಗಾಡಿಯಲ್ಲಿ ಹೂ ಬಿಟ್ಟಿರುತ್ತದೆ. ಬಿಚ್ಚುವ ಮೊದಲು ಪರೀಕ್ಷೆ ಮಾಡಬೇಕು ಎಂದು ನನ್ನೊಳಗಿನ ವಿಜ್ಞಾನ ಶಿಕ್ಷಕಿ ಎದ್ದು ಕೂತಳು. ಒಂದು ಮನೆಯ ಎಣ್ಣೆಗೆ ಗುರುತು ಹಾಕಿದರೆ ಆಯಿತು, ಅದು ಇನ್ನೊಂದು ಮನೆಯಲ್ಲಿ ಸಿಕ್ಕರೆ ಕಳ್ಳ ಸಿಕ್ಕಂತೆ. ಯಾವ ಗುರುತು? ಬಣ್ಣ ಹಾಕೋಣವೆಂದರೆ ಕೇಸರಿಬಾತಿನ ಬಣ್ಣ ಎಣ್ಣೆಯಲ್ಲಿ ಕರಗುವುದಿಲ್ಲ. ಎಣ್ಣೆಯಲ್ಲಿ ಕರಗಿ, ಬಣ್ಣವನ್ನೂ ಬಿಟ್ಟು, ಅಡಗಿ ಕೂರಲು ಎಂದೂ ಒಪ್ಪದ ಪದಾರ್ಥವೊಂದೇ, ಮೆಣಸಿನಕಾಯಿ. ಬ್ಯಾಡಗಿ ಮತ್ತು ಗುಂಟೂರು ಎರಡನ್ನೂ ಎಣ್ಣೆಯಲ್ಲಿ ಚೆನ್ನಾಗಿ ಕಾಯಿಸಿ, ಸೋಸಿ, ಹೊಸ ಗೇರ್ ಎಣ್ಣೆಗೆ ಒಂದು ಸೌಟು ಬೆರೆಸಿದೆ. ಅಡುಗೆಮನೆಯಿಂದ ಸೌಟು ಹಿಡಿದು ಅಂಗಳಕ್ಕೆ ಹೊರಟವಳನ್ನು ಕಂಡು ಮಾವನವರು “ಏನವಾ, ಗಾಡಿಗೆ ಒಗ್ಗರಣಿನಾ” ಎಂದು ಕೇಳಿದರು. ಹೌದು ಎಂದೆ. “ಸಾಸಿವಿ ಹಾಕಬ್ಯಾಡ, ಸಿಡಿತೈತಿ” ಎಂದರು.

ಮೆಟ್ರಿಗೆ ಹೋಗಿ ಬಂದೆ. ಸಂಜೆ ಗಾಡಿ ಬಿಸಿಯಾಗಿದ್ದಾಗಲೇ ಪ್ರೈಮರಿಯ ಸ್ಕ್ರೂ ಬಿಚ್ಚಿದೆ. ಸಾಕ್ಷಿ ಬಣ್ಣದಿಂದಲ್ಲ, ಘಾಟಿನಿಂದ ಬಂತು. ಪಕ್ಕದಲ್ಲಿ ಬಗ್ಗಿ ನಿಂತಿದ್ದ ನಮ್ಮ ಮನೆಯವರು ಸೀನಿದರು, ಮತ್ತೆ ಸೀನಿದರು, ಸೀನುತ್ತಲೇ ಒಳಗೆ ಹೋದರು. ಎದುರುಮನೆಯವರು ಬಾಗಿಲಿಗೆ ಬಂದು, ಮಿರ್ಚಿ ಕರೀತೀರೇನ್ರಿ ಎಂದು ವಿಚಾರಿಸಿದರು. ಕಳ್ಳ ಗೇರ್‌ಬಾಕ್ಸು ಎಂಬುದರಲ್ಲಿ ಇನ್ನು ಅನುಮಾನವಿರಲಿಲ್ಲ. ನಾನು ಬೀಗಿದ ರೀತಿಯನ್ನು ಇಲ್ಲಿ ಬರೆಯುವುದಿಲ್ಲ. ಶಾಲೆಯಲ್ಲಿ ಹತ್ತನೆಯ ತರಗತಿಗೆ ಇಡೀ ಪೀರಿಯಡ್ ಅದನ್ನೇ ಹೇಳಿದೆ ಎಂಬುದಷ್ಟನ್ನು ತಿಳಿಸಿದರೆ ಸಾಕು.

ಎರಡು ಡಬ್ಬಿಗಳ ನಡುವೆ ಹಾದುಹೋಗುವ ಶಾಫ್ಟಿನ ಸುತ್ತ ಬಳೆಯಂಥ ಒಂದು ರಬ್ಬರ್ ಸೀಲ್ ಇರುತ್ತದೆ. ಅದು ಸವೆದಿದೆ ಎಂದು ತೀರ್ಮಾನವಾಯಿತು. ಆ ಅಳತೆಯದು ಹೊಸಪೇಟೆಯ ಅಂಗಡಿಗಳಲ್ಲಿ ಸಿಗಲಿಲ್ಲ. ಕೊನೆಗೆ ಕಂಪ್ಲಿಯಲ್ಲಿ ಪಂಪ್‌ಸೆಟ್ಟಿನ ಸಾಮಾನು ಮಾರುವ ಅಂಗಡಿಯಲ್ಲಿ ಸಿಕ್ಕಿತು. ಕಬ್ಬಿನ ಗದ್ದೆಗೆ ನೀರು ಎತ್ತಬೇಕಾಗಿದ್ದ ಸೀಲು ನನ್ನ ಗಾಡಿಗೆ ಬಂತು. ಮೆಣಸಿನಕಾಯಿ ಎಣ್ಣೆ ಬಸಿದು, ಎರಡೂ ಕಡೆ ಹೊಸ ಎಣ್ಣೆ ತುಂಬಿ, ಮಸ್ತಾನ್ ಸಾಹೇಬರು “ಇನ್ನ ಚಿಂತಿಲ್ಲ” ಎಂದರು. ಗಾಡಿ ಬೆಣ್ಣೆಯಂತೆ ಓಡಿತು. ಶ್ರಾವಣದ ಎರಡನೆಯ ವಾರ ಕಳೆಯುವಷ್ಟರಲ್ಲಿ ಮತ್ತೆ ಅದೇ ಗರಗರ, ಅದೇ ಜಾರಾಟ. ಪ್ರೈಮರಿ ಮತ್ತೆ ಬಸುರಿ, ಗೇರ್‌ಬಾಕ್ಸು ಮತ್ತೆ ಉಪವಾಸ. ನಮ್ಮ ಮನೆಯವರು ಪಂಪಾಪತಿಗೆ ಫೋನ್ ಮಾಡಿ, ಹಳದಿಯಲ್ಲಿ ಯಾವ ಹಳದಿ ಎಂದು ಕೇಳುತ್ತಿದ್ದರು. ಅಂದು ನಾನು ಬಚ್ಚಲುಮನೆಯಲ್ಲಿ ನಿಂತು ಅತ್ತೆ. ಗಾಡಿಗಾಗಿ ಅಳುವುದು ನಾಚಿಕೆಗೇಡು ಎಂದು ನಲ್ಲಿಯನ್ನು ದೊಡ್ಡದಾಗಿ ಬಿಟ್ಟುಕೊಂಡೇ ಅತ್ತೆ.

ಸತ್ಯ ಸಿಕ್ಕಿದ್ದು ಅವಸರದಿಂದ. ಸಂಜೆ ಶಾಲೆಯಿಂದ ಬಂದವಳೇ, ಬಿಸಿ ಆರುವವರೆಗೆ ಕಾಯದೆ, ಎಣ್ಣೆ ಹಾಕಲೆಂದು ಮಸ್ತಾನ್ ಸಾಹೇಬರ ಅಂಗಡಿಯಲ್ಲೇ ಗೇರ್‌ಬಾಕ್ಸಿನ ಮುಚ್ಚಳ ತಿರುವಿದೆ. ಅದು ಕುಕ್ಕರಿನಂತೆ ಉಸ್ಸೆಂದು ಉಗುಳಿ ಕೈಯಿಂದ ಹಾರಿತು. ಒಳಗೆ ಅಷ್ಟು ಒತ್ತಡ. ಬಿಸಿಯಾದ ಗಾಳಿ ಹಿಗ್ಗುತ್ತದೆ, ಹೊರಗೆ ದಾರಿ ಇಲ್ಲದಿದ್ದರೆ ಇರುವ ದುರ್ಬಲ ಜಾಗವನ್ನು ನೂಕುತ್ತದೆ ಎಂದು ವರ್ಷವರ್ಷವೂ ಬೋರ್ಡಿನ ಮೇಲೆ ಬರೆದು ಕೆಳಗೆ ಗೆರೆ ಎಳೆಯುವವಳು ನಾನು. ಎಣ್ಣೆ ತಾನಾಗಿ ಸೋರುತ್ತಿರಲಿಲ್ಲ, ಒಳಗಿನ ಗಾಳಿ ಅದನ್ನು ಸೀಲಿನ ಸಂದಿಯಿಂದ ಪಕ್ಕದ ಮನೆಗೆ ದಬ್ಬುತ್ತಿತ್ತು. “ಇದಕ್ಕ ಉಸಿರಾಡಾಕ ತೂತು ಇಲ್ಲೇನ್ರಿ?” ಎಂದೆ.

“ಐತಲ್ರಿ ಮೇಡಂ, ಇಲ್ಲೇ” ಎಂದು ಮಸ್ತಾನ್ ಸಾಹೇಬರು ಬೆರಳು ತೋರಿಸಿದರು. ಆ ಬೆರಳ ಕೆಳಗೆ ತೂತು ಇರಲಿಲ್ಲ, ವಿಭೂತಿ ಇತ್ತು. ಮಾವನವರು ಸೋಮವಾರ ಸೋಮವಾರ ಸ್ನಾನ ಮಾಡಿ, ಸ್ಟೂಲಿನ ಮೇಲೆ ಕೂತು, ಗೇರ್‌ಬಾಕ್ಸಿಗೆ ಎಳೆಯುವ ಮೂರು ಗೆರೆ. ಶ್ರಾವಣದಲ್ಲಿ ದಿನಾಲೂ. ನೀರಲ್ಲಿ ಕಲಸಿದ ವಿಭೂತಿ, ಮೇಲೆ ಎಣ್ಣೆಯ ಜಿಡ್ಡು, ಅದರ ಮೇಲೆ ರಸ್ತೆಯ ಕೆಂಪು ದೂಳು, ಮತ್ತೆ ವಿಭೂತಿ, ಹೀಗೆ ಪದರದ ಮೇಲೆ ಪದರ ಕೂತು ಗಾರೆಯಾಗಿತ್ತು. ಮೊದಲು ಎಣ್ಣೆಯ ಹನಿ ಬೀಳುತ್ತಿದ್ದುದೂ ಆ ತೂತಿನಿಂದಲೇ. ನೀವು ಇಷ್ಟು ಸಲ ಗಾಡಿ ತೊಳೆದಿರಿ, ಇದನ್ನೇಕೆ ಕೆರೆಯಲಿಲ್ಲ ಎಂದೆ. ಸಾಹೇಬರಿಗೆ ನಿಜವಾಗಿಯೂ ನೋವಾಯಿತು. “ಹೆಂಗ ಕೆರಿಲಿ ಮೇಡಂ? ನಿಮ್ಮ ಮಾವಾರು ದೇವ್ರಂತ ಹಚ್ಚಿದ್ದು. ನಾ ಯಾವಾಗ್ಲೂ ಅದರ ಸುತ್ತ ಅಷ್ಟೇ ಒರಸ್ತೀನಿ.” ಅವರನ್ನು ಬೈಯುವಂತಿರಲಿಲ್ಲ. ಮನೆಯಲ್ಲಿ ತೊಳೆಯುವಾಗ ನಾನು ಮಾಡಿದ್ದೂ ಅದೇ. ಎಲ್ಲರೂ ಸೇರಿ ಗೌರವದಿಂದ ಒಂದು ಗಾಡಿಯ ಮೂಗು ಮುಚ್ಚಿದ್ದೆವು.

ಈಗ ಕೆರೆಯುವವರು ಯಾರು? ಸಾಹೇಬರು ಕೈ ಹಿಂದೆ ಕಟ್ಟಿಕೊಂಡರು. ಮಾವನವರು ಹಚ್ಚಿದ ವಿಭೂತಿಯನ್ನು ಸ್ಕ್ರೂಡ್ರೈವರಿನಲ್ಲಿ ಒಕ್ಕುವ ಎದೆ ನನಗೂ ಇರಲಿಲ್ಲ. ಗಾಡಿಯನ್ನು ಮನೆಗೆ ತಂದು, ಒತ್ತಡದ ಮೇಲೆ ಒಂದು ಚಿಕ್ಕ ಉಪನ್ಯಾಸ ತಯಾರಿಸಿಕೊಂಡು, ಮಾವನವರ ಮುಂದೆ ನಿಂತೆ. ಅವರು ಅರ್ಧಕ್ಕೇ ತಡೆದರು. “ಮುಚ್ಚೇತಿ ಅಂದ್ರ ತೆಗದ್ರಾತು. ಅದಕ್ಯಾಕ ಇಷ್ಟು ಭಾಷಣ? ಸೂಜಿ ತಾ.” ದಬ್ಬಣ ಕೊಟ್ಟೆ. ಸ್ಟೂಲಿನ ಮೇಲೆ ಕೂತು ತಾವೇ ಚುಚ್ಚಿ, ತಿರುವಿ, ತೊಗರಿಬೇಳೆಯಷ್ಟು ಗಟ್ಟಿಯಾದ ಬಿಲ್ಲೆಯೊಂದನ್ನು ಎಬ್ಬಿಸಿ, ಅದನ್ನು ಕಣ್ಣಿಗೊತ್ತಿಕೊಂಡು ತುಳಸಿ ಬುಡಕ್ಕೆ ಹಾಕಿದರು. ಇಷ್ಟಕ್ಕೆ ಸುಮ್ಮನಿರಬೇಕಿತ್ತು. ಆದರೆ ಮೇಷ್ಟರ ಬಾಯಿ. “ಮೊಣಕಾಲಿನ ಸಲುವಾಗಿ ನಿಮಗ ಮೊದಲಿನಂಗ ಲೈಟಿನ ತನಕ ಕೈ ನಿಲುಕಂಗಿಲ್ಲ, ಗೊತ್ತೈತ್ರಿ ಮಾವಾರ. ಇನ್ನ ಮ್ಯಾಲೆ ನಾ ಗಾಡಿ ತಿರುಗಿಸಿ ನಿಲ್ಲಸ್ತೀನಿ, ಲೈಟಿಗೇ ಹಚ್ರಿ” ಎಂದೆ.

“ಮೊಣಕಾಲಿಗೇನ್ ಸಂಬಂಧ?” ಎಂದರು ಮಾವನವರು. “ನಾ ಹೊಡಿಯೋವಾಗ ಲೈಟಿಗೆ ಒಂದು ಬೊಟ್ಟು ಇಡ್ತಿದ್ದೆ, ಸಾಕಾಗ್ತಿತ್ತು. ನೀ ಹೊಡಿಯಾಕ ಹತ್ತಿದ ಮ್ಯಾಲೆ ಮೂರು ಬೆರಳು ಎಳಿಯಾಕ ಹತ್ತೀನಿ. ನಿನ್ನ ಕಾಲು ಇರೋದು ಅಲ್ಲೇ ಅಲ್ಲೇನು?” ದಬ್ಬಣದ ತುದಿಯನ್ನು ಒರೆಸಿ ನನ್ನ ಕೈಗೆ ಕೊಟ್ಟರು. “ಕಂಪ್ಲಿ ರೋಡಿನಾಗ ನೀ ಭತ್ತದ ಲಾರಿ ಹಿಂದಾಕೋದು ನಾ ನೋಡೀನವಾ. ಬಸ್ಸಿನಾಗ ಕುಂತು ನೋಡೀನಿ. ಡ್ರೈವರು ನಿನ್ನ ಬೈದ, ನೀ ಯಾರೋ ಏನೋ ಅನ್ನೋ ಹಂಗ ನಾ ಕುಂತೆ.”

ಎಂಜಿನ್ನನ್ನು ಶಂಕಿಸಿದೆವು, ಗೇರ್‌ಬಾಕ್ಸನ್ನು ಹಿಡಿದೆವು, ಸೀಲಿಗಾಗಿ ಕಂಪ್ಲಿವರೆಗೆ ಅಲೆದೆವು. ರೋಗದ ಮೂಲ ನನ್ನ ಬಲಗೈಯಲ್ಲಿತ್ತು. ನಾನು ಆಕ್ಸಿಲರೇಟರ್ ತಿರುವಿದಷ್ಟೂ ಮಾವನವರ ವಿಭೂತಿ ದಪ್ಪವಾಗಿತ್ತು.

ಶ್ರಾವಣ ಮುಗಿದ ಮರುದಿನ ಪಂಪಾಪತಿ ಆಟೋದಲ್ಲಿ ಕಾಗದದ ಹೂವಿನ ಗಿಡವನ್ನೇ ತಂದಿದ್ದ. ಗಾಡಿ ರಟ್ಟಿನ ಮೇಲೆ ಹನಿ ಉದುರಿಸುತ್ತ ಆರೋಗ್ಯವಾಗಿ ನಿಂತಿತ್ತು. ನಾನು ಅವನನ್ನು ಹಿಂದೆ ಕೂರಿಸಿಕೊಂಡು ಸಂಡೂರಿನ ಏರು ಹತ್ತಿಸಿ, ಇಳಿಸಿ ತಂದೆ. ಅವನು ಗಿಡ ಇಲ್ಲೇ ಬಿಟ್ಟು, ಚಹಾ ಕುಡಿದು ಹೋದ. ಮುಂದಿನ ಸೋಮವಾರ ಮಾವನವರು ಸ್ನಾನ ಮುಗಿಸಿ ಸ್ಟೂಲಿನ ಮೇಲೆ ಕೂತು, ಗಾಡಿಯ ಕಡೆ ನೋಡಲೇ ಇಲ್ಲ. “ನಿನ್ನ ಟೊಪಿಗಿ ತಾ” ಎಂದರು. ಹೆಲ್ಮೆಟ್ ಕೊಟ್ಟೆ. ಅದರ ಮೇಲೆ ಎಡದಿಂದ ಬಲಕ್ಕೆ ಮೂರು ಬೆರಳು ಎಳೆದರು. ಅಂದಿನಿಂದ ಸೋಮವಾರ ಸೋಮವಾರ ಅದೇ ನಡೆದಿದೆ. ಹೆಲ್ಮೆಟ್ಟಿನ ನೆತ್ತಿಯ ಮೇಲೆ ಗಾಳಿಯಾಡಲೆಂದು ಎರಡು ತೂತುಗಳಿವೆ, ಇದ್ದವು. ಈಗ ಮೆಟ್ರಿ ಮುಟ್ಟುವಷ್ಟರಲ್ಲಿ ನನ್ನ ತಲೆ ಕುದಿಯುತ್ತಿರುತ್ತದೆ. ಭತ್ತದ ಲಾರಿ ಸಿಕ್ಕರೆ ಹಿಂದೆ ಹಾಕದೆ, ಹೊಟ್ಟಿನ ದೂಳು ಕುಡಿಯುತ್ತ ಅದರ ಹಿಂದೆಯೇ ಹೋಗುತ್ತೇನೆ. ಮುಚ್ಚಿದ ಪಾತ್ರೆಯೊಳಗಿನ ಒತ್ತಡದ ಪಾಠವನ್ನು ಆ ತಲೆಯಿಂದಲೇ ಮಾಡುತ್ತೇನೆ. ದಬ್ಬಣ ಕೈಗೆಟುಕುವಲ್ಲೇ ಇದೆ. ತೂತುಗಳನ್ನು ಇನ್ನೂ ಮುಟ್ಟಿಲ್ಲ.