ದೇವರಿಗೊಂದು ಸೀಟು

ಪ್ರಾರ್ಥನೆ ಮಾಡುವಾಗ ನನ್ನಷ್ಟು ಸಾಧುಪ್ರಾಣಿ ಇಡೀ ಮಧುಗಿರಿಯಲ್ಲಿ ಇನ್ನೊಂದಿಲ್ಲ. ಬೆಳಿಗ್ಗೆ ಮೊಣಕಾಲೂರಿ, "ಕರ್ತನೇ, ಇಂದು ನನ್ನ ನಡೆಯೆಲ್ಲ ನಿನಗೆ ಸಾಕ್ಷಿಯಾಗಲಿ" ಎಂದು ಬೇಡಿಕೊಂಡು, ಒಂದಷ್ಟು ಹೊತ್ತು ಧ್ಯಾನದಲ್ಲಿ ಕೂತರೆ ಸಾಕು, ಶತ್ರುವನ್ನೂ ತಬ್ಬಿಕೊಳ್ಳುವಷ್ಟು ಪ್ರೀತಿ ಉಕ್ಕುತ್ತದೆ. ತೊಂದರೆಯೆಂದರೆ, ಈ ಪ್ರೀತಿಯ ಆಯುಸ್ಸು ಬಸ್‌ಸ್ಟ್ಯಾಂಡಿನವರೆಗೆ ಮಾತ್ರ. "ಮನೇಲಿ ಕುರಿ, ಬಸ್‌ಸ್ಟ್ಯಾಂಡಲ್ಲಿ ಗೂಳಿ" ಎನ್ನುತ್ತಾಳೆ ನನ್ನ ಹೆಂಡತಿ ಸೆಲಿನ್. ಅವಳಿಗೇನು ಗೊತ್ತು? ನಾನು ಮಿಡಿಗೇಶಿಯ ಶಾಲೆಗೆ ಬಸ್ಸಲ್ಲೇ ಓಡಾಡುವ ಲೆಕ್ಕದ ಮೇಷ್ಟ್ರು. ದಿನಾ ಮೊಣಕಾಲೂರಿಯೇ ಬಲಗಾಲಿನ ಕೀಲು ಕೆಟ್ಟಿದೆ. ಸೀಟು ಸಿಗದಿದ್ದರೆ ನನ್ನ ಗತಿ ದೇವರೇ ಬಲ್ಲ. ಹಾಗಾಗಿ ಬಸ್ಸು ನಿಲ್ಲುವ ಮೊದಲೇ ಕಿಟಕಿಯೊಳಗೆ ಟವೆಲ್ ಎಸೆದು ಸೀಟು ಹಿಡಿಯುವುದರಲ್ಲಿ ನನ್ನದು ಪಳಗಿದ ಕೈ.

ಮೊನ್ನೆ ಟವೆಲ್ ಇರಲಿಲ್ಲ. ಸೆಲಿನ್ ಒಗೆಯಲು ಹಾಕಿದ್ದಳು. ಬಸ್ಸು ಬಂದೇಬಿಟ್ಟಿತು. ಸಂಜೆಯ ಪ್ರಾರ್ಥನಾ ಕೂಟಕ್ಕೆಂದು ಕೈಯಲ್ಲಿ ಹಿಡಿದಿದ್ದ ಬೈಬಲನ್ನೇ ಎಸೆದುಬಿಟ್ಟೆ! ಅಯ್ಯೋ ಅನ್ನುವಷ್ಟರಲ್ಲಿ ಅದು ಸೀಟಿನ ಮೇಲೆ ವಿರಾಜಮಾನವಾಗಿತ್ತು. ನೂಕಿಕೊಂಡು ಒಳಗೆ ಹೋದರೆ ಬಸ್ಸೆಲ್ಲ ಗಿಜಿಗಿಜಿ, ಆ ಸೀಟು ಮಾತ್ರ ಖಾಲಿ. ಪಕ್ಕದಲ್ಲಿ ಚೀಲ ಹಿಡಿದು ಅಜ್ಜಿಯೊಬ್ಬಳು ನಿಂತಿದ್ದಳು.

"ಕುಂತ್ಕಳಜ್ಜಿ, ಜಾಗ ಐತಲ್ಲ" ಅಂದ ಕಂಡಕ್ಟರ್.

"ಶಿಲುಬೆ ಐತೆ ನೋಡು, ದ್ಯಾವ್ರ ಪುಸ್ತಕ. ಹೆಂಗ್ ಎತ್ತಿಟ್ಟು ಕುಂತ್ಕಳ್ಳಾದು? ಯಾರೋ ಪುಣ್ಯಾತ್ಮ ದ್ಯಾವ್ರಿಗೆ ಸೀಟ್ ಹಿಡ್ದು ತಾನು ನಿಂತವ್ನೆ ಕಣಪ್ಪ!"

ಬಸ್ಸಿನವರೆಲ್ಲ ಆ ಪುಣ್ಯಾತ್ಮನನ್ನು ಹುಡುಕತೊಡಗಿದರು. ಸುಮ್ಮನಿದ್ದರೆ ನಾನು ಮಹಾತ್ಮ. ಬಾಯಿಬಿಟ್ಟರೆ ದೇವರನ್ನೇ ಎಬ್ಬಿಸಿ ಕೂರುವ ಭೂಪ. ಮೊಣಕಾಲು ಚುಳುಕ್ ಎಂದಿತು. ಬೆಳಿಗ್ಗೆ ಬೇಡಿದ ಸಾಕ್ಷಿಯ ಸರದಿ ಇಷ್ಟು ಬೇಗ ಬಂದೀತೆಂದು ಯಾರು ಕಂಡಿದ್ದರು? ಕಣ್ಣು ಮುಚ್ಚಿ "ಕರ್ತನೇ" ಎಂದೆ. ಕಣ್ಣು ತೆರೆದು ಅಜ್ಜಿಯ ಕಡೆ ತಿರುಗಿದೆ. "ಅದು ನಂದಜ್ಜಿ. ದೇವರಿಗಲ್ಲ, ನನಗೇ ಹಿಡಿದದ್ದು. ನೀವು ಕೂತ್ಕೊಳ್ಳಿ" ಎಂದೆ.

ಅಜ್ಜಿ ಪುಸ್ತಕವನ್ನು ಕಣ್ಣಿಗೊತ್ತಿಕೊಂಡು, ತೊಡೆಯ ಮೇಲಿಟ್ಟುಕೊಂಡು ಕೂತಳು. ಊರು ದಾಟಿದ ಮೇಲೆ ಕೇಳಿದಳು: "ಇದ್ರಾಗೆ ನಿಮ್ ದ್ಯಾವ್ರು ಏನಂತಾನಪ್ಪ?"

ಇಷ್ಟು ವರ್ಷಗಳಲ್ಲಿ ಯಾರೂ ನನ್ನನ್ನು ಈ ಪ್ರಶ್ನೆ ಕೇಳಿರಲಿಲ್ಲ. ದೊಡ್ಡ ಉಪದೇಶಕ್ಕೆಂದು ಗಂಟಲು ಸರಿಮಾಡಿಕೊಂಡೆ. ಬಸ್ಸು ಕುಲುಕಿದ್ದಕ್ಕೆ ಎಲ್ಲ ಮರೆತುಹೋಯಿತು. "ನಿಂತವರಿಗೆ ಸೀಟು ಬಿಟ್ಟುಕೊಡು ಅಂತಾನಜ್ಜಿ" ಎಂದೆ.

"ಅಂಗಾರೆ ಎಸೆಯಾಕೆ ಮುಂಚೆ ಒಂದ್ಸಲ ಓದ್ಬೇಕಿತ್ತು ಕಣಪ್ಪ!"

ಬಸ್ಸಿಗೆ ಬಸ್ಸೇ ನಕ್ಕಿತು. ನನ್ನ ಮೊಣಕಾಲು ಮಾತ್ರ ಮಿಡಿಗೇಶಿವರೆಗೂ, ಒಂದೊಂದು ಗುಂಡಿಗೂ "ಆಮೆನ್" ಎನ್ನುತ್ತಲೇ ಬಂತು.