ಲೇತಿನ ಬೆಣ್ಣೆ

ಅಂದಾನಪ್ಪ: ಸಲಾಕಿ ತುದಿಗೆ ಬೆಣ್ಣಿ ಹೆಂಗ ಬಂತು ಅಂತ ಕೇಳಾಕತ್ತೀನಿ. ಇದು ಕೆರಿ ತೂಬು ಎತ್ತೋ ಸ್ಕ್ರೂ, ನಿನ್ನ ಕಡಗೋಲಿನ ಗೂಟ ಅಲ್ಲ.

ನೀಲಗಂಗವ್ವ: ಗೋಡಿ ತೂತು ಕೊರಿಯೋವಾಗ ನನ್ನ ಕೇಳಿದ್ರೇನ್ರಿ? ಅಡಿಗಿಮನಿಗೆ ಬಂದದ್ದು ಅಡಿಗಿಮನೀದು.

ದಾಸನಕೊಪ್ಪದ ಅಂದಾನಪ್ಪನ ಕಬ್ಬಿಣ ಕಡೆಯುವ ಲೇತ್ ಗಿಡ್ಡ, ಸಿಕ್ಕ ಕೆಲಸ ಮಾತ್ರ ಮಾರುದ್ದ. ಸಲಾಕೆಯ ಅರ್ಧ ಲೇತಿನ ಮೇಲಿದ್ದರೆ ಉಳಿದರ್ಧ ಗೋಡೆ ತೂರಿ ಹೆಂಡತಿಯ ಒಲೆಯ ಪಕ್ಕ ಇಣುಕುತ್ತಿತ್ತು. ಅಂಗಡಿಗೆ ಇನ್ನೂ ಕರೆಂಟು ಬಂದಿರಲಿಲ್ಲ. ಸಲಾಕೆಗೆ ಸ್ಕ್ರೂವಿನ ಸುತ್ತು, ಅಂದರೆ ಥ್ರೆಡ್ ಕೆತ್ತಲು ಕೈಚಕ್ರವನ್ನು ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ ತಿರುಗಿಸಬೇಕು. ಹಾಗೆ ಹಿಂದೆ ಮುಂದೆ ತಿರುಗುವ ಸಲಾಕೆಯನ್ನು ಕಂಡ ನೀಲಗಂಗವ್ವ ಸುಮ್ಮನೆ ಬಿಟ್ಟಾಳೆಯೇ? ಕಡಗೋಲಿನ ಹಗ್ಗವನ್ನು ಅದಕ್ಕೆ ಸುತ್ತಿದ್ದಳು; ಗಂಡ ಚಕ್ರ ತಿರುಗಿಸಿದಂತೆಲ್ಲ ಇತ್ತ ಕಡಗೋಲೂ ತಿರುಗುತ್ತಿತ್ತು.

ಸ್ಕ್ರೂ ಮಾಡಲು ಹೇಳಿದ್ದ ಬನವಾಸಿಯ ಶಿವಲಿಂಗಪ್ಪ ಅದನ್ನು ಒಯ್ಯಲು ಸಂಜೆ ಬಸ್ಸಿಗೆ ಬರುವವರಿದ್ದರು. ಸ್ಕ್ರೂ ಮೇಲೆ ನಟ್ಟು ಸಲೀಸಾಗಿ ಓಡದಿದ್ದರೆ ಹೊಸ ಅಂಗಡಿಯ ಮಾನ ಹೋದಂತೆಯೇ. ಆ ನಟ್ಟು ಈಗ ನಡುವೆ ಕಚ್ಚಿಕೊಂಡು ಕೂತಿತ್ತು.

ಅಂದಾನಪ್ಪ: ಮುಂಜಾನಿ ಚಕ್ರ ಯಾಕ ಇಷ್ಟು ಭಾರ ಅಂತ ಲೇತಿಗೆ ಎಣ್ಣಿ ಮ್ಯಾಲ ಎಣ್ಣಿ ಬಿಟ್ಟೆ.

ನೀಲಗಂಗವ್ವ: ಬೆಣ್ಣಿ ಮಾತ್ರ ಛಲೋ ಬಂತ್ರಿ.

ಅಂದಾನಪ್ಪ: ನಿನ್ನ ಬೆಣ್ಣಿ ಸಲುವಾಗಿ ನನ್ನ ಥ್ರೆಡ್ ಸೊಟ್ಟ ಆತು. ಶಿವಲಿಂಗಪ್ಪನವರು ಬಂದ್ರ ಏನ್ ಹೇಳಲಿ?

ನೀಲಗಂಗವ್ವ: ಮಜ್ಜಿಗಿ ಕುಡೀರಿ ಅನ್ರಿ.

ಅಂದಾನಪ್ಪ: ಮೊದಲು ಆ ಹಗ್ಗ ಬಿಚ್ಚು.

ನೀಲಗಂಗವ್ವ: ಬಿಚ್ಚಿ ಎಷ್ಟೊತ್ತಾತ್ರಿ. ನೀವು ಉಂಡೆದ್ದ ಮ್ಯಾಲ ನಾ ಕಟ್ಟೇ ಇಲ್ಲ.

ಅಂದಾನಪ್ಪ ನಟ್ಟನ್ನು ಮತ್ತೊಮ್ಮೆ ತಿರುಗಿಸಿ ನೋಡಿದ. ಊಟಕ್ಕೆ ಮುಂಚೆ ಕೆತ್ತಿದ ಕಡೆ ನಟ್ಟು ನೀರಿನಂತೆ ಓಡಿತ್ತು. ಕಚ್ಚಿಕೊಂಡದ್ದು ಊಟವಾದ ಮೇಲೆ ಕೆತ್ತಿದ್ದರಲ್ಲಿ. ಹಗ್ಗ ಬಿಗಿಯಾಗಿ ಹಿಡಿದಿದ್ದಷ್ಟು ಹೊತ್ತು ಸಲಾಕೆಯ ಬಾಲ ಅಲುಗಿರಲಿಲ್ಲ. ಬಿಚ್ಚಿದ ಮೇಲೆ ಕುಣಿದಿತ್ತು. ಇದನ್ನು ಹೆಂಡತಿಯ ಎದುರು ಒಪ್ಪಿಕೊಳ್ಳುವುದು ಅವನಿಗೆ ಸ್ಕ್ರೂ ಕೆತ್ತುವುದಕ್ಕಿಂತ ಕಷ್ಟವಾಯಿತು.

ಅಂದಾನಪ್ಪ: ಸೊಟ್ಟ ಆಗಿದ್ದು ಒಂದು ಗೇಣು ಅಷ್ಟ. ಇನ್ನೊಂದು ಕೂದಲೆಳಿಯಷ್ಟು ಕೆತ್ತಿದ್ರ ಸರಿ ಹೋಗ್ತೈತಿ.

ನೀಲಗಂಗವ್ವ: ಕೆತ್ರಿ ಮತ್ತ.

ಅಂದಾನಪ್ಪ: ಆ ಹಗ್ಗ... ಸ್ವಲ್ಪ ಕಟ್ಟತೀಯೇನು?

ನೀಲಗಂಗವ್ವ: ಗೂಟ ಅಲ್ಲ ಅಂದ್ರಿ?

ಅಂದಾನಪ್ಪ: ಸಂಜಿ ತನಕ ಗೂಟನ ಅಂತ ತಿಳಕೋ.

ನೀಲಗಂಗವ್ವ: ಕಟ್ಟತೀನ್ರಿ. ಆದ್ರ ಬರೇ ಗಡಿಗ್ಯಾಗ ಕಡಗೋಲು ಆಡಿಸಿದ್ರ ಗಡಿಗಿ ಒಡೀತೈತಿ. ಮನ್ಯಾಗ ಮಸರು ತೀರೇತಿ.

ಬಸ್ಸಿಗೆ ಹೆಚ್ಚು ಹೊತ್ತಿರಲಿಲ್ಲ. ಅಂದಾನಪ್ಪ ಕೈಯ ಮಸಿಯನ್ನೂ ತೊಳೆಯದೆ ತಂಬಿಗೆ ಹಿಡಿದು ಪಕ್ಕದ ಮನೆಯ ಮುರಿಗೆವ್ವನ ಬಾಗಿಲಿಗೆ ಓಡಿದ.

ಮುರಿಗೆವ್ವ: ಮಸರೇನಪ್ಪ? ಊಟಕ್ಕ ಯಾರಾರ ಬಂದಾರೇನು?

ಅಂದಾನಪ್ಪ: ಊಟಕ್ಕಲ್ಲಬೇ. ಕೆರಿ ತೂಬಿಗೆ.